ಕರಿಯ ಹೋದ ಮೇಲೆ

ನಮ್ಮ ನಾಯಿ ಕರಿಯನಿಗೆ ವಯಸ್ಸಾಗುತ್ತಿದೆ, ಅವನು ಹೋದ ಮೇಲೆ ಆ ಕಾರ್ಟ್ರಿಜ್ ತೆಗೆದುಕೊಂಡರಾಯಿತು. ಒಂದು ಸಂಜೆ ಮನಸ್ಸು ಹೀಗೊಂದು ಲೆಕ್ಕ ಹಾಕಿತು. ಅಂದಿನಿಂದ ನನ್ನ ಸಂಗೀತಪ್ರೀತಿಯ ಮೇಲೆ ನನಗೇ ಗುಮಾನಿ.

ಟರ್ನ್‌ಟೇಬಲ್ ಕಾರ್ಟ್ರಿಜ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಮೂವಿಂಗ್ ಮ್ಯಾಗ್ನೆಟ್ ಆದರೆ ಸೂಜಿ ಮುರಿದಾಗ ಸೂಜಿಯನ್ನಷ್ಟೇ ಎಳೆದು ತೆಗೆದು ಹೊಸದು ಸಿಕ್ಕಿಸಬಹುದು. ಮೂವಿಂಗ್ ಕಾಯಿಲ್‌ನಲ್ಲಿ ಸಾಮಾನ್ಯವಾಗಿ ಅದಾಗದು. ಇಡೀ ಕಾರ್ಟ್ರಿಜನ್ನೇ ರಿಪೇರಿಗೆ ಕಳಿಸಬೇಕು, ಇಲ್ಲವೇ ಹೊಸದು ಕೊಳ್ಳಬೇಕು. ಗೆಳೆಯನ ಮನೆಯಲ್ಲಿ ಅಂಥದೊಂದರಲ್ಲಿ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಿದೆ. ಅವರ ದನಿಯ ಹಿಂದೆ ತಂಬೂರಿಯ ಒಂದೊಂದು ತಂತಿಯೂ ಬೇರೆ ಬೇರೆಯಾಗಿ ನಿಂತಿತ್ತು. ಅದು ನನಗೆ ಬೇಕು. ಇವತ್ತಿಗೂ ಬೇಕು.

ಆದರೆ ನಮ್ಮದು ಎರಡು ನಾಯಿಗಳ ಮನೆ. ಕರಿಯ ಬೀದಿಯಿಂದ ಬಂದವನು, ವರ್ಷವಿಡೀ ಕೂದಲು ಉದುರಿಸುತ್ತಾನೆ. ಧಾರವಾಡದ ಚಳಿಗಾಲದ ಒಣ ಹವೆಯಲ್ಲಿ ಎಲ್‌ಪಿಗೆ ಸ್ಥಾಯೀ ವಿದ್ಯುತ್ ಏರುತ್ತದೆ. ಕವರಿನಿಂದ ತೆಗೆದ ಪ್ಲೇಟು ಗಾಳಿಯಲ್ಲಿರುವ ಕೂದಲನ್ನೆಲ್ಲ ಎಳೆದುಕೊಳ್ಳುತ್ತದೆ. ಪ್ಲೇಟಿನ ಗೆರೆ ಕೂದಲೆಳೆಗಿಂತ ಹೆಚ್ಚು ಅಗಲವೇನಲ್ಲ. ಸುಮಾರು 2 ಗ್ರಾಂ ಭಾರದಲ್ಲಿ ಅದರೊಳಗೆ ಓಡುವ ವಜ್ರದ ಮೊನೆಗೆ ಒಂದು ಕೂದಲು ಸಿಕ್ಕರೆ ಸಾಕು, ಸ್ವರ ಗೊಗ್ಗರಾಗುತ್ತದೆ. ಚುಕ್ಕಿ ಮುಧೋಳದವಳು. ಮೈಮೇಲೆ ತುಂಡುಗೂದಲು, ಆ ಕಾಟ ಕಡಿಮೆ. ಆದರೆ ಅವಳ ಉದ್ದನೆಯ ಬಾಲ ಸರಿಯಾಗಿ ಆಂಪ್ಲಿಫೈಯರಿನ ಎತ್ತರಕ್ಕೆ ಬರುತ್ತದೆ, ಖುಷಿಯಾದರೆ ಅಲ್ಲಿರುವುದನ್ನೆಲ್ಲ ಸವರಿ ಹಾಕುತ್ತದೆ. ಹಾಗಾಗಿ ಟರ್ನ್‌ಟೇಬಲ್ ಗೋಡೆಗೆ ಹೊಡೆದ ಹಲಗೆಯ ಮೇಲಿದೆ. ಸ್ಪೀಕರಿನ ಮುಂದಿನ ಬಟ್ಟೆಯನ್ನು ನಾನು ತೆಗೆಯುವುದಿಲ್ಲ. ಟ್ವೀಟರಿನ ರೇಷ್ಮೆಯ ಗುಮ್ಮಟಕ್ಕೆ ಮೂಗು ತಾಗಿದರೂ ಕೆಟ್ಟಿತು.

ಇದಿಷ್ಟೂ ಉಪಾಯದಿಂದ ಸರಿಹೋಗುವ ಮಾತು. ಸರಿಹೋಗಿಯೂ ಇದೆ. ಹಾಗಿದ್ದೂ ಆ ಲೆಕ್ಕ ಯಾಕೆ ಬಂತು?

ಅಪ್ಪನ ಹಳೆಯ ಪ್ಲೇಟುಗಳ ನಡುವೆ ಎಚ್‌ಎಂವಿ ಲಾಂಛನದ ನಾಯಿ ಕೂತಿದೆ. ಅದರ ಹೆಸರು ನಿಪ್ಪರ್; ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿ 1895ರಲ್ಲಿ ಸತ್ತ ನಾಯಿ. ಕಲಾವಿದ ಫ್ರಾನ್ಸಿಸ್ ಬ್ಯಾರೋ ಆ ಲಾಂಛನದ ಮೂಲಚಿತ್ರ ಬರೆದದ್ದು ಅದು ಸತ್ತ ಮೇಲೆ. ಮೊದಲು ಅದರೆದುರು ಎಡಿಸನ್ ಬಗೆಯ ಫೋನೋಗ್ರಾಫ್ ಇತ್ತು. 1899ರಲ್ಲಿ ಗ್ರಾಮಫೋನ್ ಕಂಪನಿ ಅದರ ಮೇಲೆ ತನ್ನ ಯಂತ್ರವನ್ನು ಬರೆಸಿ ಚಿತ್ರವನ್ನು ಕೊಂಡಿತು. ಯಂತ್ರ ಬದಲಾಯಿತು, ನಾಯಿ ಹಾಗೇ ಉಳಿಯಿತು. ನನ್ನ ಲೆಕ್ಕದಲ್ಲಿ ಉಳಿಯುವುದು ಯಂತ್ರ.

ನಮ್ಮ ನಾಯಿಗಳು ಏನು ಕೇಳುತ್ತಿವೆ ಎಂದು ನಾನು ಯೋಚಿಸಿದ್ದೇ ತಡವಾಗಿ. ಮನುಷ್ಯನ ಕಿವಿ ಹೆಚ್ಚೆಂದರೆ 20,000 ಹರ್ಟ್ಸ್ ಮುಟ್ಟುತ್ತದೆ, ನನ್ನ ವಯಸ್ಸಿಗೆ ಅದೂ ಇಲ್ಲ. ನಾಯಿಯದು ಸುಮಾರು 45,000ದವರೆಗೆ ಹೋಗುತ್ತದೆ. ಆದರೆ ತೀರ ಕೆಳಗಿನ ಮಂದ್ರ ಅದಕ್ಕೆ ನಮ್ಮಷ್ಟು ಕೇಳದು. ನಾನು ಹಣ ಸುರಿದು ತಂದ ಆಳದ ಗುಂಗು ಕರಿಯನಿಗೆ ಅಷ್ಟಾಗಿ ತಲುಪುವುದಿಲ್ಲ. ನಾನು ಕೇಳಲಾರದ ಮೇಲಿನದೇನಾದರೂ ಸೂಜಿಯಿಂದ ಹೊರಟರೆ ಅವನಿಗೆ ಕೇಳುತ್ತದೆ. ಒಂದೇ ಕೋಣೆ, ಒಂದೇ ಪ್ಲೇಟು, ನಮಗಿಬ್ಬರಿಗೆ ಬೇರೆ ಬೇರೆ ಹಾಡು. ತಾರಸ್ಥಾಯಿಗೆ ಏರಿದಾಗ ಅವನು ಎದ್ದು ಹೊರಗೆ ಹೋಗುತ್ತಿದ್ದ. ವಾಲ್ಯೂಮ್ ತಗ್ಗಿಸಿದ ಮೇಲೆ ಅಲ್ಲೇ ಮಲಗುತ್ತಾನೆ.

ತಗ್ಗಿಸುವಾಗ ನನ್ನೊಳಗೆ ಒಂದು ಸಿಡುಕು ಏಳುತ್ತದೆ. ಅದನ್ನು ಹಿಡಿದು ನೋಡಿದೆ. ಅದು ಸೂಜಿಯ ಭಯವಲ್ಲ, ದುಡ್ಡಿನ ಚಿಂತೆಯೂ ಅಲ್ಲ. ಗಾನ ನಡೆಯುವಾಗ ಕೋಣೆ ಪೂರ್ತಿ ನನ್ನದೇ ಆಗಿರಬೇಕು, ಇನ್ನೊಂದು ಜೀವ ಉಸಿರಾಡಿದ್ದೂ ಕೇಳಬಾರದು ಎಂಬ ಹಟ ಅದು. ಈ ಹಟ ಸಂಗೀತದಿಂದ ಬಂದದ್ದಲ್ಲ. ಅಪ್ಪನ ಜೊತೆ ಕೂತು ಕೇಳಿದ ಮನೆ ಬೈಠಕ್‌ಗಳಲ್ಲಿ ಕೂಸು ಅಳುತ್ತಿತ್ತು, ಚಹಾದ ಲೋಟ ಕಣಕಣ ಎನ್ನುತ್ತಿತ್ತು, ಯಾರೋ ಕೆಮ್ಮುತ್ತಿದ್ದರು. ಹಾಡುವವರು ಆ ಗದ್ದಲದ ನಡುವೆಯೇ ರಾಗವನ್ನು ಬೆಳೆಸುತ್ತಿದ್ದರು. ಜೀವಂತ ಗಾಯಕ ಕೇಳದ ನಿಶ್ಶಬ್ದವನ್ನು ನಾನು ಒಂದು ಪ್ಲೇಟಿಗಾಗಿ ಮನೆಯವರಿಂದೆಲ್ಲ ವಸೂಲು ಮಾಡಲು ಹೊರಟಿದ್ದೆ. "ಅದಕ್ಕೇನ್ ತಿಳೀತದರೀ, ಪಾಪ," ಎಂದು ಹೆಂಡತಿ ಕರಿಯನ ಪರವಾಗಿ ಹೇಳಿದಾಗಲೂ ನಾನು ಬಾಗಿಲು ಹಾಕಿಕೊಂಡಿದ್ದುಂಟು.

ಈಗ ಬಾಗಿಲು ತೆರೆದೇ ಇರುತ್ತದೆ. ಟರ್ನ್‌ಟೇಬಲಿನ ಮುಚ್ಚಳ, ಬ್ರಷ್‌, ಗೋಡೆಯ ಹಲಗೆ ಇವುಗಳಲ್ಲಿ ಸಡಿಲ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಸೂಜಿಯನ್ನು ಕಾಪಾಡುವುದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಈ ಸಲವೂ ಮ್ಯಾಗ್ನೆಟ್ ಸೂಜಿಯನ್ನೇ ತರಿಸಿದೆ. ವಿಲಂಬಿತದ ನಡುವೆ ಚುಕ್ಕಿ ಗೇಟಿನತ್ತ ಬೊಗಳುತ್ತ ಓಡಿದರೆ ಸೂಜಿ ಎತ್ತಿ ಮೊದಲಿನಿಂದ ಹಾಕುವುದನ್ನು ಬಿಟ್ಟಿದ್ದೇನೆ. ಸಿಟ್ಟು ಬರುವುದು ಮಾತ್ರ ನಿಂತಿಲ್ಲ. ಅದು ಅವಳ ಮೇಲಲ್ಲ ಎಂದು ಎದೆ ಮುಟ್ಟಿ ಹೇಳಲು ನನಗೆ ಇನ್ನೂ ಆಗುತ್ತಿಲ್ಲ.