ಟೊಂಕ ಕಟ್ಟುವ ಮಾತು

ಟೊಂಕ ಕಟ್ಟಿ ನಿಲ್ಲಬೇಕೆಂದು ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಆ ಮಾತಿಗೆ ಜೀವ ಉಳಿಸುವಂಥ ನೇರವಾದ ಅರ್ಥವೂ ಒಂದುಂಟೆಂದು ನನಗೆ ತಿಳಿದುದು ನಮ್ಮ ಸೋದರಮಾವನ ದೆಸೆಯಿಂದ.

ಮಾವ ಗುಂಡ್ಲುಪೇಟೆಯ ಕಡೆಯ ರೈತರು. ಚೆಂಡುಹೂವಿನ ಕೊಯ್ಲಿನ ದಿನಗಳಲ್ಲಿ ಅವರು ಮಡ್‌ಗಾರ್ಡಿನ ಮೇಲೆ ಕುಳಿತಿದ್ದ ಟ್ರಾಕ್ಟರು ಬದುವಿನಿಂದ ಮಗುಚಿತು. ಮೈಮೇಲೆ ತರಚುಗಾಯವೂ ಇರಲಿಲ್ಲ. "ಸದ್ಯ, ರಕ್ತ ಬಂದಿಲ್ಲ" ಎಂದು ಜನ ಸಮಾಧಾನಪಟ್ಟರು. ಎಣ್ಣೆ ತಿಕ್ಕಿ ಕಟ್ಟು ಹಾಕುವವರನ್ನು ಕರೆಯಲು ಒಬ್ಬರು ಹೊರಟೂ ಆಗಿತ್ತು. ಆದರೆ ಮಾವನ ಮುಖ ಬಿಳಿಚುತ್ತಿತ್ತು. ಅಷ್ಟರಲ್ಲಿ ಬಂದ ಆಂಬುಲೆನ್ಸಿನ ತರುಣ ನಾಡಿ ಹಿಡಿದು ನೋಡಿ, ಅತ್ತೆಯಿಂದ ಒಂದು ಹಳೆಯ ಸೀರೆ ಕೇಳಿದ. ಅದನ್ನು ಅಗಲವಾಗಿ ಮಡಿಸಿ, ನಡುವಿಗಲ್ಲ, ಅದಕ್ಕಿಂತ ಕೆಳಗೆ, ತೊಡೆಯೆಲುಬಿನ ಉಬ್ಬು ಪಕ್ಕದಲ್ಲಿ ಕೈಗೆ ತಗಲುವ ಮಟ್ಟದಲ್ಲಿ ಸುತ್ತಿ ಬಿಗಿದ.

ಅದರ ಮರ್ಮವನ್ನು ಮೈಸೂರಿನಲ್ಲಿ ವೈದ್ಯರು ತಿಳಿಸಿದರು. ಸೊಂಟದ ಎಲುಬುಗಳು ಸೇರಿ ಒಂದು ಬಳೆಯಾಗಿವೆ. ಬಳೆ ಬಿಚ್ಚಿಕೊಂಡರೆ ಒಳಗಿನ ಸಿರೆಗಳು ಹರಿದು, ಹೊರಗೆ ಒಂದು ಹನಿಯೂ ಕಾಣದಂತೆ ಲೀಟರುಗಟ್ಟಲೆ ರಕ್ತ ಸೋರಬಹುದು. ಬಿಗಿದ ಬಟ್ಟೆ ಬಳೆಯನ್ನು ಮುಚ್ಚಿ ಆ ಸೋರಿಕೆಯನ್ನು ತಗ್ಗಿಸುತ್ತದೆ.

ಜೀವ ಉಳಿಯಿತು, ಇನ್ನು ನಡಿಗೆಯ ಪ್ರಶ್ನೆ. ತೊಡೆಯೆಲುಬಿನ ಗುಂಡು ಕೂರುವ ಬಟ್ಟಲೂ ಸೀಳಿತ್ತು. ಹಿಂದೆ ಇಂಥವರ ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ ಮಲಗಿಸುವುದೇ ಮುಖ್ಯ ಚಿಕಿತ್ಸೆಯಾಗಿತ್ತಂತೆ. ಫ್ರಾನ್ಸಿನ ರಾಬರ್ಟ್ ಜುದೆ ಮತ್ತು ಎಮಿಲ್ ಲೆತುರ್ನೆಲ್ ಎಂಬ ಶಸ್ತ್ರವೈದ್ಯರು 1964ರಲ್ಲಿ ಈ ಬಟ್ಟಲಿನ ಮುರಿತಗಳನ್ನು ವರ್ಗೀಕರಿಸಿ, ತೆರೆದು ಜೋಡಿಸುವ ದಾರಿಯನ್ನು ತೋರಿದರು. ಬಟ್ಟಲಿನ ಒಳಮೈ ಕೆಲವೇ ಮಿಲಿಮೀಟರು ಏರುಪೇರಾಗಿ ಉಳಿದರೂ ಕೀಲು ಸವೆದು ನೋವು ಬೇರೂರುತ್ತದೆ. ಮೂರು ವಾರ ಕಳೆದರೆ ಚೂರುಗಳು ಸಿಕ್ಕಂತೆ ಬೆಸೆದುಕೊಂಡು ಜೋಡಣೆ ಬಹಳ ಕಠಿಣವಾಗುತ್ತದೆ. ಮಾವನಿಗೆ ಮೊದಲು ರಕ್ತ ಕೊಟ್ಟು, ಆರನೆಯ ದಿನ ಲೋಹದ ಪಟ್ಟಿ, ತಿರುಪುಗಳಿಂದ ಜೋಡಿಸಿದರು. ಮೂರು ತಿಂಗಳು ಆ ಕಾಲಿನ ಮೇಲೆ ಭಾರ ಹಾಕಲಿಲ್ಲ. ಈಗ ತುಸು ಕುಂಟುತ್ತಾ ಹೊಲಕ್ಕೆ ಹೋಗುತ್ತಾರೆ. ನೆಲದ ಮೇಲೆ ಊಟಕ್ಕೆ ಕೂರಲಾರರು. ಮುಂದೆ ಕೀಲು ಸವೆದರೆ ಕೃತಕ ಕೀಲು ಬೇಕಾದೀತೆಂದು ವೈದ್ಯರು ಹೇಳಿದ್ದಾರೆ.

ಮಿತ್ರರೆ, ಗುಂಡ್ಲುಪೇಟೆಯಿಂದ ಮೈಸೂರು ಸುಮಾರು 60 ಕಿಲೋಮೀಟರು. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಆಸ್ಪತ್ರೆ ದೂರವೆಂಬುದಕ್ಕಿಂತ, ಗಾಯ ಕಾಣದಿದ್ದರೆ ಪೆಟ್ಟೇ ಇಲ್ಲವೆಂಬ ನಮ್ಮ ನಂಬಿಕೆಯೇ ಹೆಚ್ಚು ಹೊತ್ತು ಕಳೆಯುತ್ತದೆ. ಒಂದೇ ಬೈಕಿನ ಮೇಲೆ ಮೂವರು ಕುಳಿತು ಕಾಲೇಜಿಗೆ ಬರುವ ನಮ್ಮ ವೀರರಿಗೂ ಈ ಮಾತು ಸಲ್ಲುತ್ತದೆ. ಅಂಥ ಪೆಟ್ಟು ಬಿದ್ದವರನ್ನು ಎಬ್ಬಿಸಿ ಕೂರಿಸಬೇಡಿ, ಕಾಲು ಎಳೆದು ನೋಡಬೇಡಿ, ಎಣ್ಣೆ ತಿಕ್ಕಬೇಡಿ. 108ಕ್ಕೆ ಕರೆಮಾಡಿ, ಅಲುಗಿಸದೆ ಕಾಯಿರಿ. ಇಷ್ಟನ್ನು ಒಬ್ಬರಾದರೂ ನೆನಪಿನಲ್ಲಿಟ್ಟುಕೊಂಡರೆ ಈ ಬರಹ ಸಾರ್ಥಕ.