ಹುಗ್ಗಿ ವಾಸನೆಯ ಗ್ಲಾಸು

ಕಳೆದ ವಾರ ಬೆಂಗಳೂರಿನ ಇಂದಿರಾನಗರದ ಒಂದು ಬ್ರೂಪಬ್‌ನಲ್ಲಿ ಸ್ಟ್ರಾಂಗ್ ಏಲ್ ಕುಡಿದೆ. ಬೋರ್ಡಿನ ಮೇಲೆ 8 ಪರ್ಸೆಂಟ್ ಅಂತಿತ್ತು. ಅದಕ್ಕೇ ಸಣ್ಣ ಗ್ಲಾಸು. ಬಣ್ಣ ಹಳೇ ಬೆಲ್ಲದ್ದು. ತಣ್ಣಗಿದ್ದಾಗ ವಾಸನೆಯೇ ಇರಲಿಲ್ಲ. ಹತ್ತು ನಿಮಿಷ ಬಿಟ್ಟು ಮೂಗಿಗೆ ಹಿಡಿದರೆ ಅಮ್ಮಿನಬಾವಿಯ ನಮ್ಮ ಅಡುಗೆಮನೆ: ಗೋಧಿ ಹುಗ್ಗಿ ತಳ ಹಿಡಿಯುವ ಹೊತ್ತಿನ ವಾಸನೆ.

ಆಶ್ಚರ್ಯವೇನಿಲ್ಲ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಕಾಯಿಸಿದರೆ ಅದೇ ಮಾಲ್ಟ್. ಅದನ್ನು ಬಿಸಿನೀರಿಗೆ ಹಾಕಿದರೆ ಪಿಷ್ಟದ ಬಹುಪಾಲು ಸಕ್ಕರೆಯಾಗುತ್ತದೆ. ಯೀಸ್ಟ್ ಆ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ. ಇಂಥ ಏಲ್‌ಗೆ ಮಾಲ್ಟ್ ಜಾಸ್ತಿ ಸುರಿಯುತ್ತಾರೆ. ಯೀಸ್ಟ್ ತಿಂದು ಬಿಟ್ಟ ಸಿಹಿ ನಮ್ಮ ನಾಲಿಗೆಗೆ. ನನ್ನ ತಕರಾರು ಒಂದೇ, ಕಹಿ ಸಾಲದು. ನಾಲ್ಕನೇ ಗುಟುಕಿಗೆ ಸಿಹಿ ಅಂಟತೊಡಗಿತು. ಹತ್ತಕ್ಕೆ ಆರು ಕೊಟ್ಟೆ.

ಅಂಕ ಕೊಡುವ ಈ ಮೂಗು ಅವ್ವನಿಂದ ಬಂದದ್ದು. 2007ರಲ್ಲಿ ಸಾರಾಯಿ ನಿಷೇಧವಾಗುವ ಮೊದಲು ಕಾಕಾ ದಿನಾ ಪಾಕೀಟು ಕುಡಿದು ಬರುತ್ತಿದ್ದ. ಅವ್ವ ಹೊಸ್ತಿಲಲ್ಲೇ ನಿಂತು, ಒಂದು ಪಾಕೀಟೋ ಮೂರೋ ಅಂತ ವಾಸನೆಯಿಂದಲೇ ಹೇಳಿಬಿಡುತ್ತಿದ್ದಳು. ಮೂರಾಗಿದ್ದರೆ ನಮ್ಮನ್ನು ಒಳಕೋಣೆಗೆ ಕಳಿಸಿ ಚಿಲಕ ಹಾಕುತ್ತಿದ್ದಳು. ಪಾಕೀಟು ನಿಂತ ಮೇಲೆ ಕಾಕಾ ವಿಸ್ಕಿ ಹಿಡಿದ. ಈಗ ಆತ ಇಲ್ಲ.

ರಾತ್ರಿ ಅವ್ವನ ಫೋನು ಬಂತು.

"ಉಂಡ್ಯಾ?"

"ಹೂಂ."

"ಏನ್ ಉಂಡಿ?"

"ಹುಗ್ಗಿ," ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಫೋನಿನಲ್ಲಿ ವಾಸನೆ ಹೋಗುವುದಿಲ್ಲ ಅಂತ ನನಗೂ ಗೊತ್ತು. ಆದರೂ ಮೊಬೈಲನ್ನು ಬಾಯಿಂದ ದೂರ ಹಿಡಿದೆ.