ಗಡಿಯಾಚೆ ಒಂದು ದಿನ: ಹಿರಿಯೂರಿನಿಂದ ಹೇಮಾವತಿಗೆ

ಪ್ರವಾಸ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಧರ್ಮಸ್ಥಳ, ತಿರುಪತಿ, ಇಲ್ಲವೇ ಮೈಸೂರಿನ ದಸರಾ. ಅದಕ್ಕೆ ನಾಲ್ಕು ದಿನದ ರಜೆ ಬೇಕು, ಮನೆಮಂದಿಯೆಲ್ಲಾ ಹೊರಡಬೇಕು, ಹಾಲಿನವನಿಗೆ ಹೇಳಬೇಕು. ಮನೆಯಲ್ಲಿ ಹಸುಕರು ಇದ್ದರಂತೂ ಪಕ್ಕದ ಮನೆಯವರನ್ನು ಗೋಗರೆಯಬೇಕು. ಇಷ್ಟೆಲ್ಲಾ ರಗಳೆ ಯಾಕೆ ಅಂತ ಎಷ್ಟೋ ಜನ ಸುಮ್ಮನಾಗಿಬಿಡುತ್ತೇವೆ, ಅಲ್ಲವೇ? ಆದರೆ ಬೆಳಗಿನ ಬಸ್ಸಿಗೆ ಹೊರಟು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವ ಪ್ರವಾಸವೊಂದು ನಮ್ಮ ದುರ್ಗದ ಸೀಮೆಯವರಿಗಿದೆ. ಅದೂ ಬೇರೆ ರಾಜ್ಯಕ್ಕೆ!

ನಾನು ಹೇಳುತ್ತಿರುವುದು ಹೇಮಾವತಿಯ ವಿಷಯ. ಹಾಸನದ ಕಡೆಯ ಹೇಮಾವತಿ ಹೊಳೆಯಲ್ಲ, ನಮ್ಮ ಹಿರಿಯೂರು ತಾಲ್ಲೂಕಿಗೆ ಹತ್ತಿರದಲ್ಲೇ, ಆಂಧ್ರಪ್ರದೇಶದ ಒಳಗಿರುವ ಹೇಮಾವತಿ ಎಂಬ ಹಳ್ಳಿ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನಾನು ಒಬ್ಬಳೇ ಹೋಗಿಬರುತ್ತೇನೆ ಅಂದಾಗ ಅಮ್ಮ, "ಪರರಾಜ್ಯ ಕಣೇ, ಭಾಷೆ ಬೇರೆ, ಜನ ಬೇರೆ" ಅಂದರು. ಅಜ್ಜಿ ಮಾತ್ರ ಎಲೆ ಅಡಿಕೆ ಹಾಕುತ್ತಾ, "ನಮ್ಮ ಕಾಲದಾಗೆ ಅದು ಬ್ಯಾರೆ ದೇಶಾನೇ ಆಗಿತ್ತು, ಆದ್ರೂ ಹೋಗ್ತಿದ್ವಿ ಬರ್ತಿದ್ವಿ, ಹೋಗಿ ಬರ್ಲಿ ಬಿಡು" ಅಂದರು.

ಅಜ್ಜಿಯ ಮಾತು ಸುಳ್ಳಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮರು ಅನಂತಪುರದ ಕಡೆಯ ಸೀಮೆಯನ್ನು ಇಂಗ್ಲಿಷರ ಕಂಪನಿಗೆ ಬಿಟ್ಟುಕೊಟ್ಟರು. ಅಂದಿನಿಂದ 1947ರವರೆಗೆ ಹಿರಿಯೂರು ಮೈಸೂರು ಮಹಾರಾಜರ ಸಂಸ್ಥಾನ, ಪಕ್ಕದ ಮಡಕಶಿರಾ ಮದರಾಸು ಸರಕಾರದ ಆಡಳಿತ. ಹೊಲದ ಬದು ದಾಟಿದರೆ ರಾಜರೂ ಬೇರೆ, ಕಾನೂನೂ ಬೇರೆ! 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಮಡಕಶಿರಾ, ರಾಯದುರ್ಗ ಎರಡೂ ಅದರ ಪಾಲಾದವು. ಈ ಕಡೆಯ ಮೈಸೂರು ರಾಜ್ಯಕ್ಕೆ 1973ರಲ್ಲಿ ಕರ್ನಾಟಕ ಎಂದು ಹೆಸರಾಯಿತು. 2022ರಿಂದ ಹೇಮಾವತಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಇಷ್ಟು ಸಲ ಹೆಸರು ಬದಲಾಯಿಸಿಕೊಂಡರೂ ಊರು ಮಾತ್ರ ಕೂತ ಜಾಗದಲ್ಲೇ ಕೂತಿದೆ.

ದಾರಿ ಹೇಳುತ್ತೇನೆ ಕೇಳಿ. ಹೊಳಲ್ಕೆರೆಯವರು ದುರ್ಗದ ಮೇಲೆ ಹಿರಿಯೂರಿಗೆ ಬರಬೇಕು. ಹೊಸದುರ್ಗದವರು ನೇರವಾಗಿ ಬರಬಹುದು. ವೇದಾವತಿಗೆ ಕಟ್ಟಿದ ಮಾರಿಕಣಿವೆಯ ಕಟ್ಟೆಯನ್ನು ನೀವೆಲ್ಲಾ ಪಿಕ್ನಿಕ್ಕಿಗೆಂದು ನೋಡಿಯೇ ಇರುತ್ತೀರಿ. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಆ ಕಟ್ಟೆಗೆ ವಾಣಿವಿಲಾಸದ ಹೆಸರು ಬಂದದ್ದು ಒಬ್ಬ ಹೆಣ್ಣುಮಗಳಿಂದ. ಗಂಡನನ್ನು ಕಳೆದುಕೊಂಡ ಮೇಲೆ, ಚಿಕ್ಕ ವಯಸ್ಸಿನ ಮಗನ ಪರವಾಗಿ 1902ರವರೆಗೆ ರಾಜ್ಯವಾಳಿದ ಮಹಾರಾಣಿ ಅವರು. 1933ರಲ್ಲಿ ಕೋಡಿ ಬಿದ್ದಿದ್ದ ಕಟ್ಟೆ 89 ವರ್ಷ ಕಾಯಿಸಿ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ನಮ್ಮ ಹೆಂಗಸರೆಲ್ಲಾ ಬಾಗಿನ ಹಿಡಿದು ಓಡಿದ್ದು ನೆನಪಿದೆಯಲ್ಲ? ಹಿರಿಯೂರು ದಾಟಿದ ಆ ವೇದಾವತಿ ಮುಂದೆ ಆಂಧ್ರಕ್ಕೆ ಹೋಗಿ, ಅಲ್ಲಿನ ಭೈರವಾನಿ ತಿಪ್ಪ ಜಲಾಶಯ ತುಂಬಿಸಿ, ಹಗರಿ ಅನ್ನಿಸಿಕೊಂಡು ತುಂಗಭದ್ರೆ ಸೇರುತ್ತದೆ.

ಹಿರಿಯೂರಿನಿಂದ ಧರ್ಮಪುರದ ಬಸ್ಸು ಹತ್ತಿ. 2023ರ ಜೂನ್ 11ರಿಂದ ನಮ್ಮ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ಕಾರ್ಡು ಇದ್ದರೆ ಆಯಿತು. ಧರ್ಮಪುರದಿಂದ ಮುಂದೆ ಗಡಿ, ಆಮೇಲೆ ಅಮರಾಪುರ, ಹೇಮಾವತಿ. ಗಡಿ ಹೇಗಿರುತ್ತದೋ ಅಂತ ನಾನು ಕಿಟಕಿಯಲ್ಲೇ ಕಣ್ಣಿಟ್ಟು ಕೂತಿದ್ದೆ. ಅಂಗಡಿ ಬೋರ್ಡುಗಳಲ್ಲಿ ಅಕ್ಷರ ತೆಲುಗಾಯಿತು, ಅಷ್ಟೇ. ನನ್ನ ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಯಾರದೋ ಸೊಸೆಯ ವಿಷಯ ಮಾತಾಡುತ್ತಿದ್ದರು. ಗಡಿ ಬಂದು ಹೋದದ್ದು ಅವರಿಗೆ ಗೊತ್ತೂ ಆಗಲಿಲ್ಲ. ಕನ್ನಡದಲ್ಲಿ ಶುರುವಾದ ಮಾತು ಕನ್ನಡದಲ್ಲೇ ಮುಂದುವರಿಯಿತು.

ಹೇಮಾವತಿಯ ಹಳೆಯ ಹೆಸರು ಹೆಂಜೇರು. ಸಾವಿರ ವರ್ಷಕ್ಕೂ ಹಿಂದೆ ಇದು ನೊಳಂಬ ಅರಸರ ರಾಜಧಾನಿ. ಅವರ ನೊಳಂಬವಾಡಿಯಲ್ಲಿ ನಮ್ಮ ಚಿತ್ರದುರ್ಗದ ಸೀಮೆಯೂ ಸೇರಿತ್ತು. ಅಂದರೆ ನಾವು ಪರರಾಜ್ಯ ಅಂತ ಹೆದರುವ ಊರು ಒಂದು ಕಾಲಕ್ಕೆ ನಮಗೇ ರಾಜಧಾನಿ! ನಮ್ಮ ಕಡೆ ನೊಳಂಬರು, ನೊಣಬರು ಅಂತ ಕರೆಸಿಕೊಳ್ಳುವ ಮನೆತನಗಳಿವೆಯಲ್ಲ, ಆ ಹೆಸರಿನ ಬೇರು ಇಲ್ಲಿದೆ. ಇಲ್ಲಿನ ಶಾಸನಗಳ ಭಾಷೆಯೂ ಕನ್ನಡವೇ.

ಊರಲ್ಲಿ ನೋಡಲೇಬೇಕಾದದ್ದು ದೊಡ್ಡೇಶ್ವರನ ಗುಡಿ ಮತ್ತು ಸಿದ್ಧೇಶ್ವರನ ಗುಡಿ. ಸಿದ್ಧೇಶ್ವರ ಇಲ್ಲಿ ಲಿಂಗವಾಗಿಲ್ಲ, ಕೂತ ಮೂರ್ತಿಯಾಗಿ ಪೂಜೆಗೊಳ್ಳುತ್ತಾನೆ. ಜನ ಬಂದುಹೋಗುವುದು ಹೆಚ್ಚಾಗಿ ಈ ಗುಡಿಗೇ. ದೊಡ್ಡೇಶ್ವರನಲ್ಲಿ ಗದ್ದಲ ಕಡಿಮೆ. ಮುಂದೆ ನಯವಾದ ಕಲ್ಲಿನ ದೊಡ್ಡ ನಂದಿ. ಗೋಡೆಯಲ್ಲಿ ಕಲ್ಲಿನ ಜಾಲಂಧ್ರಗಳು, ಬಳ್ಳಿಯ ಸುರುಳಿಗಳ ನಡುವೆ ಪುಟ್ಟ ಪುಟ್ಟ ಮೂರ್ತಿಗಳು. ನಾವು ಕ್ರೋಷಾದಲ್ಲಿ ಹೆಣೆಯುತ್ತೇವಲ್ಲ, ಹಾಗೆ ಕಲ್ಲನ್ನು ಹೆಣೆದಿದ್ದಾರೆ! ನೊಳಂಬರನ್ನು ಗೆದ್ದವರಿಗೂ ಈ ಕೆಲಸದ ಮೇಲೆ ಕಣ್ಣು. ಚೋಳರು ನೊಳಂಬವಾಡಿಯಿಂದ ಹೊತ್ತೊಯ್ದ ಕಂಬಗಳು ಇಂದಿಗೂ ತಮಿಳುನಾಡಿನ ತಿರುವೈಯಾರಿನ ದೇವಸ್ಥಾನದಲ್ಲಿವೆ. ಚೆನ್ನೈನ ಸರಕಾರಿ ವಸ್ತುಸಂಗ್ರಹಾಲಯಕ್ಕೂ ಇಲ್ಲಿಂದ ಶಿಲ್ಪಗಳು ಹೋಗಿವೆ.

ಗುಡಿಯ ನೆರಳಲ್ಲಿ ಕೂತಿದ್ದಾಗ ಕಡಲೆಕಾಯಿ ಬಿಡಿಸುತ್ತಿದ್ದ ಒಬ್ಬ ಹೆಂಗಸು, "ಯಾವ ಕಡೆಯಾಕಿ ಮಗಾ?" ಅಂದರು. ದುರ್ಗ ಅಂದದ್ದೇ ತಡ, ಅವರ ಮುಖ ಅರಳಿತು. ಅವರ ತವರು ಹಿರಿಯೂರು ತಾಲ್ಲೂಕಿನ ಹಳ್ಳಿ. ಮದುವೆಯಾಗಿ ಇಲ್ಲಿಗೆ ಬಂದು ಮೂವತ್ತು ವರ್ಷವಾಯಿತಂತೆ. "ಭಾಷೆ ಕಷ್ಟ ಆಗಲಿಲ್ವಾ ಅಕ್ಕಾ?" ಅಂತ ಕೇಳಿದೆ. "ಮನೆಯಾಗೆ ಕನ್ನಡಾನೇ ಅಲ್ಲಾ! ಕಚೇರಿ ಕಾಗದ ಬಂದ್ರೆ ಮಾತ್ರ ಯಾರನ್ನಾದ್ರೂ ಹುಡುಕ್ಬೇಕು" ಅಂದರು. ಈ ಕಡೆಯ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿವೆ. ಅವರ ಮಗಳೂ ಅಂಥ ಶಾಲೆಯಲ್ಲೇ ಓದಿದವಳು. ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ತೆಲುಗು ಬರೆಯಲು ಕೈ ತಡವರಿಸುತ್ತದೆ ಎಂಬುದು ತಾಯಿಯ ಚಿಂತೆ.

ಆಮೇಲೆ ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ನಮ್ಮ ಬಸ್ಸಿನ ಉಚಿತ ಪ್ರಯಾಣ ಕರ್ನಾಟಕದ ವಿಳಾಸ ಇದ್ದವರಿಗೆ. ಆಂಧ್ರದಲ್ಲೂ 2025ರ ಆಗಸ್ಟ್ 15ರಿಂದ ಹೆಂಗಸರಿಗೆ ಉಚಿತ, ಅದು ಆ ರಾಜ್ಯದ ವಿಳಾಸ ಇದ್ದವರಿಗೆ. "ಮದ್ವೆ ಆದ್ಮ್ಯಾಲೆ ಕಾರ್ಡಿನಾಗೆ ಅಡ್ರೆಸ್ ಬದಲಾತು ನೋಡು. ಈಗ ಇಡೀ ಆಂಧ್ರ ಪುಕ್ಕಟೆ ಸುತ್ತಬೌದು, ನಮ್ಮವ್ವನ ಮನೆಗೆ ಹೋಗೋ ಬಸ್ಸಿಗೆ ಮಾತ್ರ ದುಡ್ಡು ಕೊಡ್ಬೇಕು" ಅಂದು ನಕ್ಕರು. ನಾನೂ ನಕ್ಕೆ. ಆದರೆ ಸೋದರಿಯರೇ, ಯೋಚಿಸಿ ನೋಡಿ. ಗಡಿಯ ಗೆರೆ ನಮಗೆ ಭೂಪಟದಲ್ಲಿ ಕಾಣುತ್ತದೆ. ಆ ತಾಯಿಗೆ ಕಾಣುವುದು ಕಂಡಕ್ಟರ್ ಹರಿದುಕೊಡುವ ಟಿಕೆಟ್ಟಿನಲ್ಲಿ, ಓದಲಾಗದ ಕಚೇರಿ ಕಾಗದದಲ್ಲಿ. ಗೆರೆ ಎಳೆಯುವಾಗ ತವರು ಯಾವ ಕಡೆ, ಗಂಡನ ಮನೆ ಯಾವ ಕಡೆ ಅಂತ ಯಾರಾದರೂ ಹೆಂಗಸರನ್ನು ಕೇಳಿದ್ದರೇ?

ಅವರು ಊಟಕ್ಕೆ ಎಬ್ಬಿಸಿಕೊಂಡು ಹೋದರು. ನಮ್ಮಲ್ಲಿ ಬರೀ ರಾಗಿಹಿಟ್ಟಿನ ಮುದ್ದೆ, ಅಲ್ಲಿ ಸಂಗಟಿ. ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಅದಕ್ಕೆ ರಾಗಿಹಿಟ್ಟು ಹಾಕಿ ತಿರುವುತ್ತಾರೆ. ಹಲ್ಲಿಲ್ಲದವರಿಗೂ, ಮುದ್ದೆ ಬೇಡ ಅನ್ನುವ ಮಕ್ಕಳಿಗೂ ಸುಲಭವಾಗಿ ಇಳಿಯುತ್ತದೆ. ಜೊತೆಗೆ ಊರುಬಿಂಡಿ. ಮಾಡುವ ಬಗೆ ಕೇಳಿಕೊಂಡು ಬಂದಿದ್ದೇನೆ: ಒಂದು ಬಟ್ಟಲು ಕಡಲೆಬೀಜ ಹುರಿದು ಸಿಪ್ಪೆ ತೆಗೆಯಿರಿ. ಆರೇಳು ಹಸಿಮೆಣಸಿನಕಾಯಿ ಎಣ್ಣೆಯಲ್ಲಿ ಬಾಡಿಸಿ. ನಾಲ್ಕು ಎಸಳು ಬೆಳ್ಳುಳ್ಳಿ, ಸ್ವಲ್ಪ ಹುಣಸೆಹಣ್ಣು, ಉಪ್ಪು ಸೇರಿಸಿ ಒರಳಲ್ಲಿ ತರಿತರಿಯಾಗಿ ಕುಟ್ಟಿ. ಕೊನೆಗೆ ಒಂದು ಹಸಿ ಈರುಳ್ಳಿ ಹಾಕಿ ಎರಡು ಏಟು ಕೊಟ್ಟರೆ ಆಯಿತು. ನುಣ್ಣಗೆ ಮಾಡಬೇಡಿ, ರುಚಿ ಹೋಗುತ್ತದೆ. ಅಲ್ಲಿನ ಹೋಟೆಲುಗಳಲ್ಲಿ ಒಗ್ಗಾನಿ ಅಂತ ಕೊಡುವುದು ಬೇರೇನಲ್ಲ, ನಮ್ಮ ಮಂಡಕ್ಕಿ ಒಗ್ಗರಣೆ. ಜೊತೆಗೆ ಮೆಣಸಿನಕಾಯಿ ಬಜ್ಜಿಯೂ ಉಂಟು!

ಹೋಗುವವರಿಗೆ ನಾಲ್ಕು ಮಾತು. ಏಪ್ರಿಲ್, ಮೇ ಬಿಸಿಲಲ್ಲಿ ಬೇಡ, ಮಳೆಗಾಲ ಮುಗಿದ ಮೇಲೆ ಒಳ್ಳೆಯದು. ನೀರು, ಚಿಲ್ಲರೆ, ಆಧಾರ್ ಕಾರ್ಡು ಇಟ್ಟುಕೊಳ್ಳಿ. ಹಿರಿಯೂರು ಬಸ್ ನಿಲ್ದಾಣದಲ್ಲೇ ಹೋಗುವ, ಬರುವ ಬಸ್ಸಿನ ಹೊತ್ತು ಕೇಳಿಕೊಳ್ಳಿ, ಗಡಿಯ ಹಳ್ಳಿಗಳಿಗೆ ಬಸ್ಸು ಕಡಿಮೆ. ಮಧ್ಯಾಹ್ನ ಮೂರಕ್ಕೆಲ್ಲಾ ಹೊರಟುಬಿಟ್ಟರೆ ದೂರದ ಹೊಳಲ್ಕೆರೆ, ಹೊಸದುರ್ಗದವರಿಗೂ ಕತ್ತಲೆಯ ಭಯವಿಲ್ಲ. ಗುಡಿಯ ಕಲ್ಲಿಗೆ ಅರಿಶಿನ ಕುಂಕುಮ, ಎಣ್ಣೆ ಬಳಿಯಬೇಡಿ.

ಕೊನೆಯದಾಗಿ, ನಿಮ್ಮ ಮನೆಯಲ್ಲೂ ಬಸ್ಸು ಹತ್ತಬೇಕು ಅಂತ ಹಂಬಲಿಸುವ ಮಗಳೋ, ಸೊಸೆಯೋ ಇದ್ದರೆ ಭಾಷೆ ಬೇರೆ ಅಂತ ತಡೆಯಬೇಡಿ. ನೀವೂ ಜೊತೆಗೆ ಹೊರಡಿ. ಹೋಗುವಾಗ ನಿಮ್ಮ ಹಿತ್ತಲಿನ ಒಂದು ತೆಂಗಿನಕಾಯಿ ಚೀಲದಲ್ಲಿರಲಿ. ತವರಿನ ಕಡೆಯವರು ಬಂದರು ಅಂತ ಬಾಗಿಲಲ್ಲಿ ನಿಂತು ಮಾತಾಡಿಸುವವರು ಅಲ್ಲಿದ್ದಾರೆ.